ಕೆರೆಗಳಿಗೆಲ್ಲ ಒಂದೇ ನಕ್ಷೆ ಬೇಡ: ಮನವಿ ಪತ್ರ

ಇವರಿಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ, ಬೆಂಗಳೂರು.

ವಿಷಯ: ಕೆರೆ ಪುನರುಜ್ಜೀವನದಲ್ಲಿ ಆಯಾ ಊರಿನವರ ಪದ್ಧತಿಗೆ ಮನ್ನಣೆ ಕೋರಿ.

ಮಾನ್ಯರೇ,

ಬೆಂಗಳೂರಿನ ಕೆರೆ ಬಳಗಗಳಿಗೆಲ್ಲ ಬೇಕಾದದ್ದು ಕೊಳಚೆ ಬೀಳದ ಕೆರೆ. ದಾರಿ ಮಾತ್ರ ಬೇರೆ ಬೇರೆ. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಮುಂದೆ ನೆರೆಯ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರೇ ಆ ಕೆರೆಗೆ ಆಸರೆಯಾಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯಲ್ಲಿ ಹಳೆಯ ಊರಿನವರೂ ಹೊಸ ಬಡಾವಣೆಯವರೂ ಕೈಜೋಡಿಸಿದರು. ಜಕ್ಕೂರಿನಲ್ಲಿ ಸಂಸ್ಕರಣಾ ಘಟಕದ ನೀರು ಜೊಂಡಿನ ನಡುವೆ ಹಾದು ಕೆರೆಗಿಳಿಯುತ್ತದೆ. ಅಲ್ಲಿ ಮೀನುಗಾರರೂ ಕೆರೆಯ ಪಾಲುದಾರರು. ನೀರು ಕೆಟ್ಟರೆ ಮೊದಲು ಗೊತ್ತಾಗುವುದು ಬಲೆ ಎಳೆಯುವವನಿಗೇ.

ನಮ್ಮೊಳಗೆ ಜಗಳವಿಲ್ಲವೆಂದಲ್ಲ. ವಾಕಿಂಗ್ ಬರುವವರಿಗೆ ದೀಪ ಬೇಕು, ಹಕ್ಕಿ ನೋಡುವವರಿಗೆ ಕತ್ತಲೆ ಬೇಕು, ದನ ಸಾಕಿದವರಿಗೆ ಹುಲ್ಲು ಬೇಕು. ಏರಿಯ ಮೇಲೆ ಕೂತು ಮಾತಾಡಿದರೆ ಇವು ಹೇಗೋ ಬಗೆಹರಿಯುತ್ತವೆ. ಬಗೆಹರಿಯದಿರುವುದು ಎಲ್ಲ ಕೆರೆಗೂ ಒಂದೇ ಅಚ್ಚಿನಲ್ಲಿ ಬರುವ ಯೋಜನಾ ವರದಿ: ಸುತ್ತ ಬೇಲಿ, ನಡಿಗೆ ಪಥ, ನಡುವೆ ದ್ವೀಪ, ಗೇಟಿಗೆ ಬೀಗ. ಜೆಸಿಬಿ ಅಂಚನ್ನು ಕಡಿದಾಗಿ ಅಗೆದರೆ ಕೆರೆ ತೊಟ್ಟಿಯಾಗುತ್ತದೆ. ಕೊಕ್ಕರೆಗೆ ಕಾಲೂರಲೂ ಜಾಗವಿರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ವರದಿಗೆ ಒಪ್ಪಿಗೆ ಕೊಡುವ ಮುನ್ನ ಅದನ್ನು ಕನ್ನಡದಲ್ಲಿ ಕೆರೆಯ ಬಳಿಯೇ ಪ್ರದರ್ಶಿಸಿ, ಮೀನುಗಾರರು, ಹುಲ್ಲು ಕೊಯ್ಯುವವರು, ನಿವಾಸಿಗಳು ಎಲ್ಲರ ಅಹವಾಲು ಕೇಳಬೇಕು. ಬೆಳಗಿನ ಹತ್ತು ಗಂಟೆಗೆ ಸಭೆ ಕರೆದರೆ ಕೂಲಿಯವರು ಬರಲಾರರು, ಭಾನುವಾರ ಕರೆಯಿರಿ.

2. ರಾಜಕಾಲುವೆಯ ಕೊಳಚೆಗೆ ತಡೆ ಹಾಕಿದ ಮೇಲಷ್ಟೇ ನಡಿಗೆ ಪಥ, ಬೆಂಚು, ದೀಪದ ಕೆಲಸಕ್ಕೆ ಹಣ ಬಿಡುಗಡೆಯಾಗಬೇಕು. ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಹೊಲಸು ನೀರಿನ ಸುತ್ತ ಗ್ರಾನೈಟ್ ಹಾಸುವುದನ್ನು ಅಭಿವೃದ್ಧಿಯೆಂದು ನಾವು ಒಪ್ಪುವುದಿಲ್ಲ.

3. ಬೇಲಿ ಹಾಕಿದರೂ ಮೀನು ಹಿಡಿಯುವ, ಹುಲ್ಲು ಕೊಯ್ಯುವ ರೂಢಿಯ ಹಕ್ಕನ್ನು ಲಿಖಿತವಾಗಿ ಉಳಿಸಬೇಕು.

4. ಕನಿಷ್ಠ ಒಂದು ಬದಿಯ ಅಂಚನ್ನು ಇಳಿಜಾರಾಗಿ, ಜೊಂಡು ಸಹಿತ ಬಿಡಬೇಕು.

5. ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಕೆರೆಯ ಗೇಟಿನಲ್ಲಿ ಬರೆದು ಹಾಕಬೇಕು.

ಮಳೆಗಾಲಕ್ಕೆ ಮುನ್ನ ಜಂಟಿ ಸ್ಥಳ ಪರಿಶೀಲನೆಗೆ ದಿನ ಗೊತ್ತುಪಡಿಸಿ, ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.

ಇಂತಿ,
ಕೆರೆಯಂಚಿನ ನಿವಾಸಿಗಳು, ಮೀನುಗಾರರು ಮತ್ತು ಹೈನುಗಾರರು
(ಸಹಿಗಳನ್ನು ಲಗತ್ತಿಸಿದೆ)