ಕಾಣದ ತಂತು, ಸಿಗದ ಕಣ

ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನಿಗೆ ಪ್ರಶ್ನೆಗಳು ಮಾತ್ರ ನಿವೃತ್ತಿ ಕೊಡುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಇತ್ತೀಚೆಗೆ ಮೇಲಿಂದ ಮೇಲೆ ಕೇಳುವುದು, “ಸಾರ್, ಸ್ಟ್ರಿಂಗ್ ಥಿಯರಿ ನಿಜವೋ ಸುಳ್ಳೋ?” ಎಂದು. ಬಂಧುಗಳು ಕೇಳುವ ಬಗೆ ಬೇರೆ: “ಜಗತ್ತೆಲ್ಲ ಬರಿಯ ಕಂಪನ ಎಂದು ವಿಜ್ಞಾನಿಗಳೇ ಒಪ್ಪಿದ್ದಾರಂತೆ, ನಮ್ಮ ನಾದಬ್ರಹ್ಮವೂ ಅದೇ ಅಲ್ಲವೇ?” ಈ ಎರಡು ಪ್ರಶ್ನೆಗಳಿಗೂ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದು ಮಾತಿನ ಉತ್ತರ ಸಲ್ಲದು. ಆದುದರಿಂದ ಈ ಬರಹ.

ಪರಮಾಣು, ಅದರೊಳಗೆ ಬೀಜಕೇಂದ್ರ, ಅದರೊಳಗೆ ಪ್ರೋಟಾನ್, ಪ್ರೋಟಾನಿನೊಳಗೆ ಕ್ವಾರ್ಕ್. ಇಲ್ಲಿಯವರೆಗಿನ ಮೆಟ್ಟಿಲುಗಳಿಗೆಲ್ಲ ಪ್ರಯೋಗದ ಆಧಾರವುಂಟು. ತಂತು ಸಿದ್ಧಾಂತ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಎಲೆಕ್ಟ್ರಾನ್, ಕ್ವಾರ್ಕ್ ಮುಂತಾದವು ಬಿಂದುಗಳಲ್ಲ, ಅತಿ ಸೂಕ್ಷ್ಮ ತಂತುಗಳು. ವೀಣೆಯ ಒಂದೇ ತಂತಿ ಬೇರೆ ಬೇರೆ ಸ್ವರ ನುಡಿಯುವಂತೆ, ಒಂದೇ ತಂತು ಕಂಪಿಸುವ ಬಗೆಗೆ ತಕ್ಕಂತೆ ಬೇರೆ ಬೇರೆ ಕಣವಾಗಿ ತೋರುತ್ತದೆ ಎಂಬುದು ಅದರ ಸಾರ. 1968ರಲ್ಲಿ ಇಟಲಿಯ ವೆನೆಜಿಯಾನೋ ಬರೆದ ಒಂದು ಸೂತ್ರ ಇದರ ಬೀಜ. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಟ್ಸ್ ಈ ಗಣಿತದೊಳಗೆ ಗುರುತ್ವಾಕರ್ಷಣೆಯೂ ಅಡಗಿದೆ ಎಂದು ತೋರಿಸಿದರು. 1984ರಲ್ಲಿ ಗ್ರೀನ್ ಮತ್ತು ಶ್ವಾರ್ಟ್ಸ್ ಅದರಲ್ಲಿದ್ದ ದೊಡ್ಡದೊಂದು ಗಣಿತದ ತೊಡಕನ್ನು ಬಿಡಿಸಿದ ಮೇಲೆ ಜಗತ್ತಿನ ಮೇಧಾವಿಗಳು ಇದರತ್ತ ಧಾವಿಸಿದರು. ಐನ್‌ಸ್ಟೈನರ ಗುರುತ್ವವನ್ನೂ ಕ್ವಾಂಟಂ ಸಿದ್ಧಾಂತವನ್ನೂ ಒಂದೇ ಸೂರಿನಡಿ ತರುವ ಆಸೆ ಎಂಥವರನ್ನೂ ಸೆಳೆಯುವಂಥದು.

ಆದರೆ ಈ ಸೂರಿಗೆ ಬಾಡಿಗೆ ದುಬಾರಿ. ನಮಗೆ ತಿಳಿದ ಉದ್ದ, ಅಗಲ, ಎತ್ತರ, ಕಾಲಗಳ ಜೊತೆಗೆ ಇನ್ನೂ ಆರು ಆಯಾಮಗಳನ್ನು ಒಪ್ಪಬೇಕು. ಮತ್ತೆ ‘ಸೂಪರ್‌ಸಿಮೆಟ್ರಿ’ಯನ್ನು ಒಪ್ಪಬೇಕು; ಕನ್ನಡದಲ್ಲಿ ಅತಿಸಮಮಿತಿ ಎನ್ನೋಣ. ವಸ್ತುವನ್ನು ಕಟ್ಟುವ ಪ್ರತಿಯೊಂದು ಕಣಕ್ಕೂ, ಬಲವನ್ನು ಹೊರುವ ಪ್ರತಿಯೊಂದು ಕಣಕ್ಕೂ, ಎದುರು ಪಂಗಡದಲ್ಲಿ ಒಂದೊಂದು ಜೋಡಿ ಇರಬೇಕೆನ್ನುವ ನಿಯಮವಿದು. ಎಲೆಕ್ಟ್ರಾನಿಗೆ ಸೆಲೆಕ್ಟ್ರಾನ್, ಫೋಟಾನಿಗೆ ಫೋಟಿನೋ ಎಂದು ನಾಮಕರಣವೂ ಆಗಿಹೋಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಎಂದರೆ ಇದೇ.

ಜಿನೀವಾ ನಗರದ ಬಳಿ ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರವನ್ನು ಕಟ್ಟಿ ಪ್ರೋಟಾನುಗಳನ್ನು ಢಿಕ್ಕಿ ಹೊಡೆಸಿದರು. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕಿತೆಂಬ ಘೋಷಣೆ ಹೊರಬಿತ್ತು. ಅದರ ಬೆನ್ನಿಗೇ ಅತಿಸಮಮಿತಿಯ ಕಣಗಳೂ ಸಿಗುವುವೆಂದು ಅನೇಕರು ನಂಬಿದ್ದರು. ಸಿಗಲಿಲ್ಲ. 2015ರಿಂದ ಯಂತ್ರದ ಶಕ್ತಿಯನ್ನು ಹೆಚ್ಚಿಸಿ ನೋಡಿದರು, ಆಗಲೂ ಸಿಗಲಿಲ್ಲ. ಕೋಪನ್‌ಹೇಗನ್ ನಗರದಲ್ಲಿ 2000ದಲ್ಲಿ ಭೌತವಿಜ್ಞಾನಿಗಳು ಈ ಕಣಗಳು ಸಿಗುತ್ತವೆಯೋ ಇಲ್ಲವೋ ಎಂದು ಪಂತ ಕಟ್ಟಿದ್ದರು. 2016ರಲ್ಲಿ ಸೋಲೊಪ್ಪಿಕೊಂಡವರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಡೇವಿಡ್ ಗ್ರಾಸ್ ಕೂಡ ಒಬ್ಬರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊರದೇಶದಲ್ಲಿ ಇಂಥ ಕಣಗಳನ್ನು ಹುಡುಕುವ ತಂಡದಲ್ಲಿದ್ದು ಡಾಕ್ಟರೇಟ್ ಪಡೆದ. ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಅವನ ತಂದೆ, “ಮೇಷ್ಟ್ರೇ, ಆರು ವರ್ಷ ಹುಡುಕಿ ಕೊನೆಗೆ ‘ಇಲ್ಲ’ ಅಂತ ಬರೆದು ಕೊಟ್ಟನಂತೆ. ಇಲ್ಲ ಅನ್ನೋದಕ್ಕೂ ಪದವಿ ಕೊಡ್ತಾರಾ?” ಎಂದು ನಕ್ಕರು. ಆ ನಗುವಿನ ಅಡಿಯಲ್ಲಿ ನೋವಿತ್ತು. ಹೊಲದ ಮೇಲೆ ಸಾಲ ಮಾಡಿ ಮಗನನ್ನು ಓದಿಸಿದವರು ಅವರು. ನಾನು ಅವರಿಗೆ ಹೇಳಿದ್ದು ಕೋಲಾರದ ಕಥೆ.

1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟಿ ಬರುವ ನ್ಯೂಟ್ರಿನೋಗಳನ್ನು ಗುರುತಿಸಿದರು. ಅಂಥ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಕಂಡವರ ಸಾಲಿನಲ್ಲಿ ಕೋಲಾರದ ಹೆಸರಿದೆ. ಆ ಪ್ರಯೋಗಗಳ ಹಿಂದಿದ್ದ ಬಿ. ವಿ. ಶ್ರೀಕಂಠನ್ ನಂಜನಗೂಡಿನವರು.

ನಾನು ಬಿ.ಇಡ್. ಓದುತ್ತಿದ್ದ ಕಾಲಕ್ಕೆ ಅದೇ ಗಣಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಪ್ರಕೃತಿಯ ಮೂರು ಬಲಗಳನ್ನು ಒಂದುಗೂಡಿಸುವ, ಗಣಿತದ ದೃಷ್ಟಿಯಿಂದ ಬಹು ಸುಂದರವಾದ ಸಿದ್ಧಾಂತವನ್ನು 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಮಂಡಿಸಿದ್ದರು. ಪ್ರೋಟಾನ್ ಚಿರಂಜೀವಿಯಲ್ಲ, 1ರ ಮುಂದೆ ಸುಮಾರು 30 ಸೊನ್ನೆ ಇಟ್ಟಷ್ಟು ವರ್ಷಗಳಲ್ಲಿ ಅದು ಒಡೆಯಲೇಬೇಕು ಎಂದು ಆ ಸಿದ್ಧಾಂತ ನುಡಿಯಿತು. ಅಷ್ಟು ವರ್ಷ ಕಾಯುವವರು ಯಾರು ಎಂದು ಕೇಳಬೇಡಿ. ಮನುಷ್ಯರ ಸರಾಸರಿ ಆಯಸ್ಸನ್ನು ತಿಳಿಯಲು ಒಬ್ಬನ ಹಿಂದೆ ಎಪ್ಪತ್ತು ವರ್ಷ ಅಲೆಯಬೇಕಿಲ್ಲ. ದೊಡ್ಡ ಊರೊಂದರಲ್ಲಿ ಒಂದು ವರ್ಷದ ಸಾವುಗಳನ್ನು ಎಣಿಸಿದರೂ ಅಂದಾಜು ಸಿಗುತ್ತದೆ. ಹಾಗೆಯೇ ಸುಮಾರು 140 ಟನ್ ಕಬ್ಬಿಣವನ್ನು ಗಣಿಯ ಆಳದಲ್ಲಿ ಪೇರಿಸಿ, ಅದರೊಳಗಿನ ಅಸಂಖ್ಯ ಪ್ರೋಟಾನುಗಳಲ್ಲಿ ಒಂದಾದರೂ ಒಡೆಯುವುದೇ ಎಂದು ಕಾದರು. ಒಂದೆರಡು ಸಂದೇಹದ ಗುರುತುಗಳು ಕಂಡುವೆಂದು 1981ರಲ್ಲಿ ಪ್ರಕಟಿಸಿದರು. ಅಮೆರಿಕ ಮತ್ತು ಜಪಾನಿನಲ್ಲಿ ಸಾವಿರಾರು ಟನ್ ನೀರು ತುಂಬಿದ ತೊಟ್ಟಿಗಳನ್ನು ಇಟ್ಟು ನೋಡಿದವರಿಗೆ ಮಾತ್ರ ಏನೂ ಕಾಣಲಿಲ್ಲ. ಆ ಸುಂದರ ಸಿದ್ಧಾಂತದ ಸರಳ ರೂಪವನ್ನು ಕೈಬಿಡಬೇಕಾಯಿತು.

ಹಾಗಾದರೆ ಶ್ರಮ ವ್ಯರ್ಥವಾಯಿತೇ? ಪ್ರೋಟಾನ್ ಒಡೆಯುವುದನ್ನು ನೋಡಲೆಂದು ಜಪಾನಿನ ಕಾಮಿಯೋಕಾ ಗಣಿಯಲ್ಲಿ ಇಟ್ಟ ತೊಟ್ಟಿಯೇ 1987ರ ಫೆಬ್ರವರಿಯಲ್ಲಿ, ಸಿಡಿದ ನಕ್ಷತ್ರವೊಂದರಿಂದ ಹೊರಟ ನ್ಯೂಟ್ರಿನೋಗಳನ್ನು ಹಿಡಿಯಿತು. ಅದರ ಮುಂದುವರಿದ ರೂಪವಾದ ಸೂಪರ್ ಕಾಮಿಯೋಕಾಂಡೆ 1998ರಲ್ಲಿ ನ್ಯೂಟ್ರಿನೋಗಳಿಗೆ ತೂಕವಿದೆಯೆಂಬುದಕ್ಕೆ ಸಾಕ್ಷ್ಯ ಒದಗಿಸಿತು. ಎರಡಕ್ಕೂ ನೊಬೆಲ್ ಗೌರವ ಸಂದಿತು. ‘ಇಲ್ಲ’ ಎಂಬ ಉತ್ತರವನ್ನು ಪ್ರಾಮಾಣಿಕವಾಗಿ ಬರೆದಿಟ್ಟವರ ಮನೆಗೆ ‘ಉಂಟು’ ಎಂಬುದು ಇನ್ನೊಂದು ಬಾಗಿಲಿನಿಂದ ಬಂದಿತ್ತು. ಹಾಗೆ ಬಾರದೆ ಹೋಗಿದ್ದರೂ ಆ ‘ಇಲ್ಲ’ ಬೆಲೆಯುಳ್ಳದ್ದೇ. ಮುಂದೆ ಹುಡುಕುವವರು ಎಲ್ಲಿ ಹುಡುಕಬೇಕಾಗಿಲ್ಲ ಎಂಬುದನ್ನು ಅದು ತಿಳಿಸುತ್ತದೆ.

ಬೇರೆ ಶಾಸ್ತ್ರಗಳಲ್ಲಿಯೂ ಇದೇ ನ್ಯಾಯ. ಭೂಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಹೇಳಿದ ಜರ್ಮನಿಯ ವೆಗೆನರ್ ಅಪಹಾಸ್ಯಕ್ಕೆ ಗುರಿಯಾದರು. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಪ್ರಾಣ ಬಿಟ್ಟರು. 1960ರ ದಶಕದಲ್ಲಿ ಸಾಗರತಳದ ಶಿಲೆಗಳ ಕಾಂತೀಯ ಪಟ್ಟೆಗಳು ಅವರ ಪರವಾಗಿ ಸಾಕ್ಷಿ ನುಡಿದುವು. ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರಗಳೇ ಕಾರಣವೆಂದು ವೈದ್ಯರೆಲ್ಲ ನಂಬಿದ್ದ ಕಾಲದಲ್ಲಿ, ಅದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ವಾದಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬಿದ್ದು ತೋರಿಸಿದರು. 2005ರಲ್ಲಿ ಅವರಿಗೂ ರಾಬಿನ್ ವಾರನ್ ಅವರಿಗೂ ನೊಬೆಲ್ ಬಂದಿತು. ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು, ಕೆಣಕಿದ ಕಪ್ಪುಕುಳಿ ಹೊಡೆದ ಗಂಟೆಯಂತೆ ಮಿಡಿದು ಕ್ರಮೇಣ ಶಾಂತವಾಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೈಗೋ ಯಂತ್ರಗಳು ಹಿಡಿದ ಗುರುತ್ವ ಅಲೆಯ ಬಾಲದಲ್ಲಿ ಅಂಥ ಮಿಡಿತವಿತ್ತು. ಅದನ್ನು ತಿಳಿಯುವ ಭಾಗ್ಯ ಅವರಿಗಿತ್ತು; ಅವರು ನಮ್ಮನ್ನಗಲಿದ್ದು 2017ರಲ್ಲಿ.

ಈ ಉದಾಹರಣೆಗಳಿಂದ ತಿಳಿಯುವುದೇನು? ಐವತ್ತು ವರ್ಷ ಕಾಯಬೇಕಾಯಿತು ಎಂಬುದು ಯಾವ ಸಿದ್ಧಾಂತಕ್ಕೂ ಕಳಂಕವಲ್ಲ. ಆದರೆ ‘ಹೀಗಾದರೆ ನಾನು ಸರಿ, ಹೀಗಾಗದಿದ್ದರೆ ನಾನು ತಪ್ಪು’ ಎಂದು ಅದು ಮೊದಲೇ ಬರೆದುಕೊಟ್ಟಿರಬೇಕು. ವಿಶ್ವೇಶ್ವರರ ಲೆಕ್ಕ ಹಾಗೆ ಬರೆದುಕೊಟ್ಟಿತ್ತು. ಕೋಲಾರದವರು ಪರೀಕ್ಷಿಸಿದ ಸಿದ್ಧಾಂತವೂ ಬರೆದುಕೊಟ್ಟು, ಗೌರವದಿಂದ ಸೋತಿತು. ಅತಿಸಮಮಿತಿ ಅರ್ಧ ಬರೆದುಕೊಟ್ಟಿದೆ. ಕಣ ಸಿಗದಿದ್ದಾಗಲೆಲ್ಲ ‘ಅದು ಇನ್ನೂ ಸ್ವಲ್ಪ ಭಾರವಿರಬಹುದು’ ಎನ್ನುವ ಕೆಲವರ ಸಮಾಧಾನ, ‘ನೋಟ್‌ಬುಕ್ ಮನೆಯಲ್ಲಿದೆ ಸಾರ್, ನಾಳೆ ತರುತ್ತೇನೆ’ ಎನ್ನುತ್ತಿದ್ದ ಹುಡುಗರನ್ನು ನೆನಪಿಗೆ ತರುತ್ತದೆ. ತಂತು ಸಿದ್ಧಾಂತವಾದರೋ ಇನ್ನೂ ಏನನ್ನೂ ಬರೆದುಕೊಟ್ಟಿಲ್ಲ. ತಂತುಗಳನ್ನು ನೇರವಾಗಿ ಕಾಣಲು ಜಿನೀವಾದ ಯಂತ್ರಕ್ಕಿಂತ ಸುಮಾರು ಕೋಟಿ ಕೋಟಿ ಪಟ್ಟಿಗೂ ಮಿಗಿಲಾದ ಶಕ್ತಿ ಬೇಕು. ಅದರ ಸಮೀಕರಣಗಳು ಒಂದಲ್ಲ, 1ರ ಮುಂದೆ 500 ಸೊನ್ನೆ ಇಟ್ಟಷ್ಟು ಬಗೆಯ ವಿಶ್ವಗಳಿಗೆ ಎಡೆಗೊಡಬಹುದೆಂಬ ಅಂದಾಜಿದೆ. ಏನೇ ಕಂಡರೂ ಒಗ್ಗಿಕೊಳ್ಳುವ ಸಿದ್ಧಾಂತವನ್ನು ಸೋಲಿಸುವ ಬಗೆ ಹೇಗೆ? ಸೋಲಲಾಗದ್ದು ಗೆದ್ದಿತೆಂದು ಹೇಳುವುದಾದರೂ ಹೇಗೆ?

ಹಾಗೆಂದು ಇದನ್ನು ಹೀಗಳೆಯುವವರ ಜೊತೆಗೂ ನಾನಿಲ್ಲ. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಈ ಗಣಿತದಿಂದಲೇ ಕೆಲವು ಬಗೆಯ ಕಪ್ಪುಕುಳಿಗಳ ಎಂಟ್ರೋಪಿಯನ್ನು ಎಣಿಸಿ, ಹಾಕಿಂಗ್ ಮೊದಲಾದವರು ಬೇರೆ ದಾರಿಯಿಂದ ಪಡೆದ ಉತ್ತರಕ್ಕೇ ಬಂದರು. ಈ ಕ್ಷೇತ್ರದ ಅಗ್ರಗಣ್ಯರಲ್ಲಿ ನಮ್ಮ ದೇಶದ ಅಶೋಕ ಸೇನ್ ಅವರೂ ಒಬ್ಬರು. ಇಂಥವರ ಕೆಲಸ ನಡೆಯಲಿ. ಕಾಗದ, ಪೆನ್ಸಿಲ್ ಮತ್ತು ಸಂಬಳದ ಖರ್ಚು ದೇಶಕ್ಕೆ ಹೊರೆಯಲ್ಲ. ನನ್ನ ತಕರಾರು ಇಷ್ಟೇ: ಮಕ್ಕಳಿಗೆ ಹೇಳುವಾಗ ಇದು ಸಾಧ್ಯತೆ, ಸಿದ್ಧವಾದ ಸತ್ಯವಲ್ಲ ಎಂದೇ ಹೇಳಬೇಕು.

ಬಂಧುಗಳೇ, ಇದೇ ಕಾರಣಕ್ಕೆ ನಾದಬ್ರಹ್ಮವನ್ನು ಇದರ ಕೊರಳಿಗೆ ಕಟ್ಟಬೇಡಿ. ನಾಳೆ ತಂತು ಸಿದ್ಧಾಂತ ಬಿದ್ದುಹೋದರೆ ನಾದಬ್ರಹ್ಮವನ್ನೂ ಕೈಬಿಡಲು ಸಿದ್ಧರಿದ್ದೀರಾ? ಇಲ್ಲವೆಂದಾದರೆ ಇಂದು ಅದರ ಸಾಕ್ಷಿ ಏಕೆ ಬೇಕು? ಅನುಭಾವಿಗಳ ಮಾತಿಗೆ ಅದರದೇ ನೆಲೆಯುಂಟು. ಪ್ರಯೋಗಶಾಲೆಯ ಮೊಹರು ಅದಕ್ಕೆ ಬೇಡ.

ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕೆಂದು ಹಿಂದಿನಿಂದ ಲೆಕ್ಕ ಹೊಂದಿಸಿ ಬರೆಯುವ ರೂಢಿ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಒಮ್ಮೆ ಒಬ್ಬ ಹುಡುಗಿ ತನಗೆ ಬಂದ 9.3ನ್ನು ಹಾಗೆಯೇ ಬರೆದು, ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಮೇಲಂಚಿನವರೆಗೆ ಮಾತ್ರ ಅಳೆದಿರಬಹುದು ಎಂದು ಕಾರಣವನ್ನೂ ಸೇರಿಸಿದ್ದಳು. ತರಗತಿಯಲ್ಲಿ ಪೂರ್ತಿ ಅಂಕ ಕೊಟ್ಟದ್ದು ಅವಳೊಬ್ಬಳಿಗೆ. ನೀವೂ ಹಾಗೆ ಮಾಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪ್ರಮಾಣಿಸಿ ನೋಡಿ ‘ಕಾಣಲಿಲ್ಲ’ ಎಂದು ಬರೆಯುವ ಧೈರ್ಯವನ್ನು ಮಕ್ಕಳಿಗೆ ಎಂಟನೆಯ ತರಗತಿಯಲ್ಲಿಯೇ ಕಲಿಸಿದರೆ, ಆರು ವರ್ಷ ಹುಡುಕಿ ಹಾಗೆ ಬರೆದ ಮಗನ ಬಗ್ಗೆ ಯಾವ ತಂದೆಯೂ ಸಂಕೋಚಪಡಬೇಕಾಗುವುದಿಲ್ಲ.