ಚಾವಿ ಕೊಟ್ಟ ಕೈ



ನಿಮ್ಮ ತವರಿನಲ್ಲೋ ಅತ್ತೆಯ ಮನೆಯಲ್ಲೋ ನಿಂತುಹೋದ ಹಳೆಯ ಗೋಡೆ ಗಡಿಯಾರ ಇದೆಯೇ? ಇದ್ದರೆ, ಅದು ಹೇಗೆ ನಿಂತಿತೆಂದು ಹಿರಿಯರನ್ನು ಕೇಳಿ ನೋಡಿ. “ಯಾರೋ ಚಾವಿ ಜಾಸ್ತಿ ಕೊಟ್ಟುಬಿಟ್ಟರು” ಎಂಬ ಉತ್ತರವೇ ಬಂದೀತು. ಆ ‘ಯಾರೋ’ ಯಾರೆಂಬುದೂ ಮನೆಯವರಿಗೆ ಚೆನ್ನಾಗಿ ನೆನಪಿರುತ್ತದೆ.

ಬಸವಕಲ್ಯಾಣದ ನಮ್ಮ ಅಜ್ಜನ ಮನೆಯಲ್ಲಿ ಆ ‘ಯಾರೋ’ ನಮ್ಮ ಮುಮಾನಿ, ಅಂದರೆ ಸೋದರಮಾವನ ಹೆಂಡತಿ.

ತಾಯಿಯ ತಂದೆಯಾದ ಆ ಅಜ್ಜ ನಿಝಾಮರ ಕಾಲದಲ್ಲಿ ಗಡಿಯಾರವನ್ನು ಹೈದರಾಬಾದಿನಿಂದ ತಂದಿದ್ದರಂತೆ. ಆಗ ಬೀದರ್ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಬಸವಕಲ್ಯಾಣವನ್ನು ಜನ ಕಲ್ಯಾಣಿ ಎನ್ನುತ್ತಿದ್ದರು. ಚಾರ್‌ಮಿನಾರ್‌ಗೆ 1889ರಲ್ಲೇ ಗಡಿಯಾರಗಳನ್ನು ಕೂರಿಸಿದ್ದ ಆ ನಗರದಿಂದ ಮನೆಗೊಂದು ಗಡಿಯಾರ ಬರುವುದೆಂದರೆ ದೊಡ್ಡ ಮಾತು. ಅಜ್ಜ ತಂದದ್ದು ಜರ್ಮನಿಯ ಜುಂಘನ್ಸ್. ಯಂತ್ರದ ಮೇಲೆ ಎಂಟು ಮೂಲೆಯ ನಕ್ಷತ್ರದ ಮುದ್ರೆ. ಒಮ್ಮೆ ಚಾವಿ ಕೊಟ್ಟರೆ ಎಂಟು ದಿನ ಓಡುತ್ತಿತ್ತು. ಪ್ರತಿ ಶುಕ್ರವಾರ ಜುಮಾಕ್ಕೆ ಹೊರಡುವ ಮುನ್ನ ಅಜ್ಜ ಸ್ಟೂಲ್ ಹತ್ತಿ ಚಾವಿ ಕೊಡುತ್ತಿದ್ದರು. ಪ್ರತಿ ಈದ್‌ಗೆ ಮುಂಚೆ ಕೋಳಿಗರಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಚಕ್ರಗಳಿಗೆಲ್ಲ ಸವರುತ್ತಿದ್ದರು.

ಮುಮಾನಿ ಮದುವೆಯಾಗಿ ಬಂದ ವರ್ಷ ಅಜ್ಜ ಜ್ವರದಿಂದ ಮಲಗಿದ್ದರು. ಒಂದು ಶುಕ್ರವಾರ, “ಇವತ್ತು ನೀನೇ ಚಾವಿ ಕೊಡು ಬೇಟಿ” ಎಂದರು. ಮುಮಾನಿ ಕೊಟ್ಟರು. ಮರುದಿನ ಫಜ್ರ್ ಹೊತ್ತಿಗೆ ಗಡಿಯಾರ ನಿಂತಿತ್ತು. ಯಾರೂ ಗದರಲಿಲ್ಲ. ಆದರೆ ಮಾತು ಉಳಿಯಿತು. ಹಾಲು ಉಕ್ಕಿದರೆ, ಲೋಟ ಒಡೆದರೆ “ಗಡಿಯಾರ ನಿಲ್ಲಿಸಿದ ಕೈ ಅಲ್ಲವೇ!” ಎಂದು ನಗುತ್ತಿದ್ದರು. ಆಗ ಚಿಕ್ಕವಳಾಗಿದ್ದ ನಾನೂ ನಕ್ಕಿದ್ದೇನೆ.

ಕಳೆದ ವರ್ಷ ಮನೆಗೆ ಸುಣ್ಣ ಹೊಡೆಸಲು ಗಡಿಯಾರವನ್ನು ಇಳಿಸಿದ್ದರು. ನಾನು ಅದನ್ನು ಹುಮನಾಬಾದಿಗೆ ತಂದೆ. ತರುವಾಗಲೇ ಒಂದು ತಪ್ಪು ಮಾಡಿದೆ. ಲೋಲಕವನ್ನು ಕಳಚದೆ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕುಳಿತೆ. ಕುಲುಕಾಟಕ್ಕೆ ಲೋಲಕ ತೂಗುವ ಉಕ್ಕಿನ ತೆಳು ಪಟ್ಟಿ ಮುರಿಯಿತು.

ಹುಮನಾಬಾದಿನಲ್ಲಿ ವಯಸ್ಸಾದ ಗಡಿಯಾರ ರಿಪೇರಿಯವರೊಬ್ಬರು ಸಿಕ್ಕರು. ಯಂತ್ರವನ್ನು ಹೊರತೆಗೆದು ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಚಕ್ರಗಳ ಅಚ್ಚಿನ ತುದಿ ಕೂರುವ ಪ್ರತಿಯೊಂದು ರಂಧ್ರದ ಸುತ್ತ ಕಾಡಿಗೆಯಂಥ ಕಪ್ಪು ಅಂಟು. “ಚಾವಿ ಜಾಸ್ತಿ ಕೊಟ್ಟು ನಿಂತದ್ದಲ್ಲವೇ?” ಎಂದೆ. ಅವರು ನಕ್ಕರು. “ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡ ಮೇಲೆ ಚಾವಿ ತಿರುಗೋದೇ ಇಲ್ಲಮ್ಮ, ಜಾಸ್ತಿ ಎಲ್ಲಿಂದ ಕೊಡ್ತೀರಿ? ಪೂರ್ತಿ ಚಾವಿ ಕೊಟ್ಟ ಗಡಿಯಾರ ಓಡಬೇಕು. ನಿಂತರೆ ಒಳಗೆ ಕೊಳೆ ಇದೆ ಅಂತ ತಿಳೀರಿ. ಇದಕ್ಕೆ ವರ್ಷಗಟ್ಟಲೆ ಅಡುಗೆ ಎಣ್ಣೆ ಹಾಕಿದ್ದಾರೆ.”

ಗರಿ ಹಿಡಿದ ಅಜ್ಜನ ಕೈ ನನ್ನ ಕಣ್ಣೆದುರು ಬಂತು.

ಎಣ್ಣೆ ಕಡಿಮೆಯಾದರೆ ಗಡಿಯಾರ ಸವೆಯುತ್ತದೆ, ನಿಜ. ಆದರೆ ಹಳೆಯ ಕೊಳೆಯ ಮೇಲೆ ಹೊಸ ಎಣ್ಣೆ ಸುರಿದರೆ ಅದು ಧೂಳು ಮತ್ತು ಲೋಹದ ಪುಡಿಯೊಂದಿಗೆ ಸೇರಿ ಅಚ್ಚನ್ನು ಅರೆಯುವ ಲೇಪವಾಗುತ್ತದೆ. ವುಝೂ ಇಲ್ಲದೆ ನಮಾಝ್ ಇಲ್ಲ, ಶುಚಿಯಿಲ್ಲದೆ ಎಣ್ಣೆ ಇಲ್ಲ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಕಲಿತಂತೆ. ಉಳಿದರ್ಧವನ್ನು ಅವರು ಕಲಿಸಿದಂತೆಯೇ ಹೇಳುತ್ತೇನೆ.

ಮೊದಲು ಲೋಲಕವನ್ನು ಮೆಲ್ಲಗೆ ಕಳಚಿಡಿ. ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಂತ್ರದ ಎರಡು ಹಿತ್ತಾಳೆ ತಗಡುಗಳನ್ನು ಜೋಡಿಸಿರುವ ತಿರುಪುಗಳನ್ನು ಮಾತ್ರ ಎಂದಿಗೂ ಸಡಿಲಿಸಬೇಡಿ. ನಿಂತ ಗಡಿಯಾರದ ಸ್ಪ್ರಿಂಗಿನಲ್ಲೂ ಬಲ ತುಂಬಿರುತ್ತದೆ, ಒಮ್ಮೆಲೇ ಬಿಚ್ಚಿಕೊಂಡರೆ ಬೆರಳಿಗೆ ಅಪಾಯ. ಅದು ರಿಪೇರಿಯವರ ಕೆಲಸ. ಮಕ್ಕಳನ್ನೂ ದೂರವಿಡಿ.

ಮೆತ್ತನೆಯ ಒಣ ಬ್ರಶ್‌ನಿಂದ ಧೂಳು ಕೊಡವಿ. ಬಿದಿರು ಕಡ್ಡಿಯನ್ನು ಚೂಪಾಗಿ ಕೆತ್ತಿ, ತುದಿಗೆ ತೆಳುವಾದ ಬಿಳಿ ಹತ್ತಿ ಬಟ್ಟೆ ಸುತ್ತಿ, ರಿಪೇರಿಯವರು ಬಳಸುವ ಬಿಳಿ ಪೆಟ್ರೋಲಿನಲ್ಲಿ ತುಸು ಅದ್ದಿ ಒಂದೊಂದೇ ರಂಧ್ರದ ಸುತ್ತ ಒರೆಸಿ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಬಟ್ಟೆ ಬದಲಿಸುತ್ತಿರಿ. ಈ ಕೆಲಸ ಅಡುಗೆಮನೆಯಿಂದ ದೂರ, ಕಿಟಕಿ ತೆರೆದು, ಬೆಂಕಿಯಿಲ್ಲದ ಕಡೆ ನಡೆಯಲಿ. ಡಯಲ್ ಕಾಗದದ್ದಾದರೆ ಒದ್ದೆ ಬಟ್ಟೆ ತಾಗಿಸಬೇಡಿ, ಅಂಕಿಗಳು ಅಳಿಸಿಹೋಗುತ್ತವೆ.

ಎಲ್ಲವೂ ಒಣಗಿದ ಮೇಲೆ ಎಣ್ಣೆಯ ಸರದಿ. ಗಡಿಯಾರದ್ದೇ ಎಣ್ಣೆ ಬೇಕು, ಬಿಡಿಭಾಗ ಮಾರುವವರಲ್ಲಿ ಕೇಳಿ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳು, ಇರಬೇಕಾದಲ್ಲಿ ನಿಲ್ಲದೆ ಹರಡಿಬಿಡುತ್ತದೆ. ಸೂಜಿಯ ತುದಿಯಲ್ಲಿ ನಿಂತಷ್ಟು ಎಣ್ಣೆ ಒಂದು ರಂಧ್ರಕ್ಕೆ ಸಾಕು. ತಗಡಿನ ಮೇಲೆ ಇಳಿದರೆ ಹೆಚ್ಚಾಯಿತೆಂದೇ ಅರ್ಥ, ಒರೆಸಿಬಿಡಿ. ಚಕ್ರದ ಹಲ್ಲುಗಳಿಗೆ ಎಣ್ಣೆ ಬೇಡ, ಅಲ್ಲಿ ಅದು ಧೂಳನ್ನು ಹಿಡಿಯುತ್ತದಷ್ಟೆ. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಸುಮಾರು ಒಂದು ಬೊಗಸೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ಓದಿದ್ದೇವೆ. ಮಿತಿ ಎಂಬುದು ಜಿಪುಣತನವಲ್ಲ.

ಗೋಡೆಗೆ ತೂಗುಹಾಕಿದ ಮೇಲೆ ಕಣ್ಣು ಮುಚ್ಚಿ ಆಲಿಸಿ. ಟಿಕ್‌ಗೂ ಟಿಕ್‌ಗೂ ಅಂತರ ಸಮನಾಗಿರಬೇಕು. ಸದ್ದು ಕುಂಟುತ್ತಿದ್ದರೆ ಪೆಟ್ಟಿಗೆಯ ಬುಡವನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸಿ ನೋಡಿ. ಮುಳ್ಳನ್ನು ಹಿಂದಕ್ಕೆ ತಿರುಗಿಸದೆ ಮುಂದಕ್ಕೇ ತಿರುಗಿಸಿ, ಪ್ರತಿ ಗಂಟೆ ಬಾರಿಸಿ ಮುಗಿಯುವ ತನಕ ಕಾಯಿರಿ. ಗಡಿಯಾರ ಹಿಂದೆ ಬಿದ್ದರೆ ಲೋಲಕದ ಕೆಳಗಿನ ತಿರುಪಿನಿಂದ ಬಿಲ್ಲೆಯನ್ನು ತುಸು ಮೇಲೇರಿಸಿ, ಮುಂದೆ ಓಡಿದರೆ ಇಳಿಸಿ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಉಕ್ಕಿನ ಕಡ್ಡಿಯ ಲೋಲಕವಾದರೆ, ಸೆಖೆ 20 ಡಿಗ್ರಿ ಏರಿದಾಗ ಕಡ್ಡಿ ಉದ್ದವಾಗಿ ಗಡಿಯಾರ ದಿನಕ್ಕೆ ಸುಮಾರು 10 ಸೆಕೆಂಡ್ ಹಿಂದೆ ಬೀಳುತ್ತದೆ. ಅದು ರೋಗವಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ಎಣ್ಣೆಯನ್ನು ಪರೀಕ್ಷಿಸಿದರೆ ಸಾಕು.

ರಿಪೇರಿಯವರು ಸ್ಪ್ರಿಂಗುಗಳನ್ನು ನೋಡಿಕೊಂಡು ಹೊಸ ಪಟ್ಟಿ ಹಾಕಿಕೊಟ್ಟರು. ರಂಧ್ರಗಳನ್ನು ಅವರೆದುರು ಕುಳಿತು ನಾನೇ ಒರೆಸಿದೆ. ಹಿಂದಿರುಗುವಾಗ ಲೋಲಕವನ್ನು ಓಢಣಿಯಲ್ಲಿ ಬೇರೆಯಾಗಿ ಸುತ್ತಿಕೊಂಡಿದ್ದೆ.

ಬಸವಕಲ್ಯಾಣದಲ್ಲಿ ಎಲ್ಲರೂ ಕುಳಿತಿದ್ದಾಗ, ಕಪ್ಪಾದ ಆ ಬಟ್ಟೆ ಚೂರುಗಳನ್ನು ತೋರಿಸಿ ನಡೆದದ್ದನ್ನು ಹೇಳಿದೆ. ಚಾವಿಯನ್ನು ಮುಮಾನಿಯ ಕೈಗಿಟ್ಟೆ. ಅವರು ಕೈ ಹಿಂದೆಳೆದುಕೊಂಡರು. “ಬೇಡ, ಮತ್ತೆ ನಿಂತರೆ?” ಮೂವತ್ತು ವರ್ಷಗಳ ಮೇಲೂ ಆ ಭಯ ಹಾಗೇ ಇತ್ತು. ನಾವು ತಮಾಷೆ ಎಂದುಕೊಂಡಿದ್ದೆವು. “ನಿಂತರೆ ನಾನಿದ್ದೇನೆ. ನಾನೂ ನಕ್ಕಿದ್ದೆ ಮುಮಾನಿ, ಮಾಫ್ ಮಾಡಿ” ಎಂದೆ. ಅವರು ಏನೂ ಹೇಳಲಿಲ್ಲ. ಸ್ಟೂಲ್ ಹತ್ತಿ ಬಿಸ್ಮಿಲ್ಲಾಹ್ ಎಂದು ಚಾವಿ ತಿರುಗಿಸಿದರು, ತಿರುಗದೆ ನಿಲ್ಲುವ ತನಕ.

ಅಜ್ಜನದೂ ತಪ್ಪಲ್ಲ. ಅವರು ಪ್ರೀತಿಯಿಂದಲೇ ಎಣ್ಣೆ ಹಾಕಿದರು, ಅಲ್ಲಾಹನು ಅವರನ್ನು ಕರುಣಿಸಲಿ. ತಪ್ಪು ನಮ್ಮದು. ಒಳಗೆ ನೋಡದೆ, ಕೊನೆಗೆ ಮುಟ್ಟಿದ ಕೈಯನ್ನು ದೂರಿದೆವು. ಎಷ್ಟು ಮನೆಗಳಲ್ಲಿ ಹೀಗೆಯೇ ಆಗುವುದಿಲ್ಲ! ಅಣ್ಣತಮ್ಮಂದಿರ ನಡುವೆ ವರ್ಷಗಳಿಂದ ಕಟ್ಟಿದ ಕೊಳೆ ಸೊಸೆ ಬಂದ ವರ್ಷ ಮನೆಯನ್ನು ನಿಲ್ಲಿಸುತ್ತದೆ, ಹೆಸರು ಸೊಸೆಗೆ ಬರುತ್ತದೆ. ಗುಮಾನಿಯಿಂದ ದೂರವಿರಲು ಸೂರಃ ಹುಜುರಾತ್ ನಮ್ಮನ್ನು ಎಚ್ಚರಿಸಿದೆ. ಅದನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದವಳು ನಾನು. ಅರ್ಥವಾದದ್ದು ಭೂತಗನ್ನಡಿ ಹಿಡಿದಾಗ.

ನಿಮ್ಮ ಮನೆಯ ಗಡಿಯಾರವನ್ನು ಈ ತಿಂಗಳು ಗೋಡೆಯಿಂದ ಇಳಿಸಿ. ಮೊದಲು ಲೋಲಕ ಕಳಚುವುದನ್ನು ಮರೆಯಬೇಡಿ. ಅದು ಓಡಲಿ, ಓಡದಿರಲಿ, ಚಾವಿ ಕೊಟ್ಟವರು ಯಾರೆಂದು ಮಾತ್ರ ಮತ್ತೆ ಕೇಳಬೇಡಿ.