ಪ್ರಜೆ ಎಂಬ ಶಬ್ದದ ಅರ್ಥ

ಮನೆಯು ಅದೇ ಆಗಿದ್ದು ಒಕ್ಕಲು ಬದಲಾಗುವಂತೆ, ಶಬ್ದವು ಅದೇ ಆಗಿದ್ದು ಅರ್ಥವು ಬದಲಾಗುತ್ತ ಹೋಗುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರತಕ್ಕ ಸಂಗತಿಯಾಗಿದೆ. ಎಳ್ಳಿನ ನೆಯ್ಯೇ ಎಣ್ಣೆ ಎಂದು ಶಬ್ದಜ್ಞರು ಹೇಳುವರು. ಆದರೆ ಇಂದು ಕೊಬ್ಬರಿ ಎಣ್ಣೆಯುಂಟು, ಹರಳೆಣ್ಣೆಯುಂಟು, ಎಳ್ಳಿನ ಗಂಧವೂ ಸೋಕದ ಸೀಮೆಎಣ್ಣೆಯೂ ಉಂಟು. ಸಂಸ್ಕೃತದಲ್ಲಿ ಅವಸರವೆಂದರೆ ತಕ್ಕ ಸಮಯ. ನಮ್ಮಲ್ಲಿ ಅದು ಆತುರವಾಯಿತು. ಇವುಗಳಿಂದ ಯಾರಿಗೂ ಹಾನಿಯಿಲ್ಲ. ರಾಜ್ಯಭಾರಕ್ಕೆ ಸಂಬಂಧಪಟ್ಟ ಶಬ್ದಗಳ ವಿಷಯವು ಮಾತ್ರ ಹಾಗಲ್ಲ. ಅವುಗಳ ಅರ್ಥವು ಕದಲಿತೆಂದರೆ ಜನರ ಸ್ಥಾನಮಾನಗಳೇ ಕದಲಿದುವೆಂದು ತಿಳಿಯಬೇಕು.

ಪ್ರಜೆ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಸಂತಾನವೆಂಬುದು ಅದರ ಮೂಲಾರ್ಥ. ಅರಸನು ತಂದೆ, ನಾಡಿನವರು ಮಕ್ಕಳು ಎಂಬ ಭಾವನೆಯಿಂದ ಅದು ಆಳಿಸಿಕೊಳ್ಳತಕ್ಕವರ ಹೆಸರಾಯಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾದಾಗಲೂ ಪ್ರಜೆಗೆ ದೊರೆತುದು ಅಹವಾಲು ಹೇಳಿಕೊಳ್ಳುವ ಅವಕಾಶವೇ ಹೊರತು ಆಳುವ ಅವಕಾಶವಲ್ಲ. 1947ರಲ್ಲಿ ಮೈಸೂರು ಚಲೋ ಚಳವಳಿಯು ನಡೆದು, ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರವು ಬಂದಿತು. 1950ನೆಯ ಜನವರಿ 26ರಂದು ಗಣರಾಜ್ಯವು ಸ್ಥಾಪಿತವಾಗಿ ಪ್ರಜೆಯೇ ಪ್ರಭುವಾದನು. ರೈತನ ಕಥೆಯೂ ಇಂಥದೇ. ಅರಬ್ಬೀ ಮೂಲದಲ್ಲಿ ಆ ಶಬ್ದಕ್ಕೆ ಕಾಯಲ್ಪಡುವ ಮಂದೆಯೆಂದೂ ಆಳಲ್ಪಡುವ ಜನವೆಂದೂ ಅರ್ಥವಿದ್ದಿತು. ನಮ್ಮಲ್ಲಿ ಅದು ಭೂಮಿಯನ್ನು ಉತ್ತು ಅನ್ನವನ್ನೀಯುವವನ ಗೌರವದ ಹೆಸರಾಗಿದೆ.

ಈ ಶಬ್ದಗಳು ಮೇಲೇರಿದರೆ ಅಧಿಕಾರವೆಂಬ ಶಬ್ದವು ಕೆಳಗಿಳಿಯಿತು. ಶಾಸ್ತ್ರಗಳಲ್ಲಿ ಅಧಿಕಾರವೆಂದರೆ ಅರ್ಹತೆ; ಅಧಿಕಾರಿಯೆಂದರೆ ಯೋಗ್ಯತೆಯನ್ನು ಸಂಪಾದಿಸಿದವನು. ಹಿಂದೀ ಭಾಷೆಯಲ್ಲಿ ಅದಕ್ಕೆ ಹಕ್ಕೆಂಬ ಅರ್ಥವಿದೆ. 2005ರ ಶಾಸನವನ್ನು ಅವರು ‘ಸೂಚನಾ ಕಾ ಅಧಿಕಾರ್’ ಎನ್ನುವರು, ನಾವು ‘ಮಾಹಿತಿ ಹಕ್ಕು’ ಎನ್ನುವೆವು. ಕನ್ನಡದಲ್ಲಿ ಅಧಿಕಾರವು ದರ್ಪದ ನೆರೆಮನೆಯಲ್ಲಿಯೇ ವಾಸಮಾಡುತ್ತಿದೆ. ‘ಅಧಿಕಾರ ಚಲಾಯಿಸಿದನು’ ಎಂದ ಕೂಡಲೆ ಕೇಳುವವರ ಮನಸ್ಸಿಗೆ ಯೋಗ್ಯತೆಯು ಹೊಳೆಯುವುದೇ ಇಲ್ಲ.

ಇಂದಿನ ವಿಪರೀತವೇನೆಂದರೆ, ಪ್ರಜೆಗೆ ಸಂವಿಧಾನದಲ್ಲಿ ಹೊಸ ಅರ್ಥವಿದ್ದರೂ ಕಚೇರಿಯ ಕಿಟಕಿಯ ಮುಂದೆ ಹಳೆಯ ಅರ್ಥವೇ ನಡೆಯುತ್ತಿದೆ. ಪಹಣಿಗಾಗಿಯೋ ಜಾತಿ ಪ್ರಮಾಣಪತ್ರಕ್ಕಾಗಿಯೋ ನಿಂತವನು ಇಂದಿಗೂ ‘ದಯಮಾಡಿ ಕೃಪೆತೋರಬೇಕು’ ಎಂದೇ ಬರೆಯುತ್ತಾನೆ. ಸಕಾಲ ಶಾಸನವು 2011ರಲ್ಲಿಯೇ ಬಂದಿದೆ. ಗೊತ್ತುಪಡಿಸಿದ ಅವಧಿಯೊಳಗೆ ಕೆಲಸವಾಗದಿದ್ದರೆ ದಿನವೊಂದಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಅರ್ಜಿದಾರನಿಗೆ ಪರಿಹಾರವು ಸಲ್ಲತಕ್ಕದ್ದೆಂದು ಅದು ವಿಧಿಸಿದೆ. ಮೊತ್ತವು ಅಲ್ಪವೇ ಸರಿ. ಆದರೂ ಅದರ ತತ್ತ್ವವು ದೊಡ್ಡದು. ಬರಬೇಕಾದ ಬಾಕಿಯನ್ನು ಕೇಳತಕ್ಕವನು ಯಾಚಕನಲ್ಲ.

ಆಯವ್ಯಯದ ದಿನ ‘ನಾಡಿಗೆ ಭರ್ಜರಿ ಕೊಡುಗೆ’ ಎಂದು ಅಚ್ಚು ಹಾಕುವುದೂ ಈ ಜಾತಿಯ ದೋಷವೇ. ಯಾರ ಕೊಡುಗೆ, ಯಾರಿಗೆ? ಬೆಂಕಿಪೊಟ್ಟಣವನ್ನು ಕೊಳ್ಳುವ ಕೂಲಿಯವನೂ ತೆರಿಗೆಯನ್ನು ತೆತ್ತು ತುಂಬಿಸಿದ ಬೊಕ್ಕಸದಿಂದ ಅವನೂರಿಗೆ ರಸ್ತೆ ಮಾಡಿಸಿದರೆ ಅದನ್ನು ದಾನವೆನ್ನಬಹುದೆ? ದಾನವೆಂಬ ಶಬ್ದವು ಮತದಾನದಲ್ಲಿ ಮಾತ್ರ ಪ್ರಜೆಯ ಕೈಯಲ್ಲಿದೆ. ಅಲ್ಲಿಯೂ ಹಣವನ್ನು ತೆಗೆದುಕೊಂಡು ಕೊಟ್ಟರೆ ಅದು ವಿಕ್ರಯವಾಗುವುದೆಂಬುದನ್ನು ನಮ್ಮ ಮತದಾರರೂ ಮರೆಯಲಾಗದು.

ಸರ್ಕಾರದವರು ತಮ್ಮ ಅರ್ಜಿ ನಮೂನೆಗಳಿಂದ ಬೇಡಿಕೆಯ ಮಾತುಗಳನ್ನು ತೆಗೆಯಿಸಿ, ಕೆಲಸವು ಎಷ್ಟು ದಿನಗಳಲ್ಲಿ ಆಗತಕ್ಕದ್ದೆಂಬುದನ್ನು ಮೊದಲ ಸಾಲಿನಲ್ಲಿಯೇ ಮುದ್ರಿಸಲಿ. ಜನರು ಅರ್ಜಿಯನ್ನು ಕೊಟ್ಟೊಡನೆ ಸಕಾಲದ ಸಂಖ್ಯೆಯನ್ನು ಕೇಳಿ ಪಡೆಯಲಿ. ಹಿರಿಯರು ಸೆರೆಮನೆಯನ್ನು ಕಂಡು ಪ್ರಜೆ ಎಂಬ ಶಬ್ದಕ್ಕೆ ತಂದುಕೊಟ್ಟ ಅರ್ಥವು ಕಚೇರಿಯ ಜಗಲಿಯಲ್ಲಿ ಕಳೆದುಹೋಗಬಾರದೆಂಬುದೇ ನಮ್ಮ ಆಶಯ.